ಟ್ರೇಲರ್ ಲಾರಿ ಹೊರಡುವ ಮುನ್ನ: ಬ್ರೇಕ್, ಕೊಂಡಿ, ಚಕ್ರಗಳ ತಪಾಸಣೆ

ಟ್ರೇಲರ್ ಲಾರಿ ಅಂದರೆ ಎರಡು ಗಾಡಿ. ಮುಂದೆ ಎಳೆಯುವ ಹಾರ್ಸ್ ಸಾಮಾನ್ಯವಾಗಿ ಒಬ್ಬರೇ ಡ್ರೈವರ್ ಕೈಯಲ್ಲಿ ಇರುತ್ತದೆ. ಅದರ ಸದ್ದು ಚೂರು ಬದಲಾದರೂ ಅವರಿಗೆ ಗೊತ್ತಾಗುತ್ತದೆ. ಹಿಂದಿನ ಟ್ರೇಲರ್‌ಗೆ ಹಾಗೆ ನೋಡಿಕೊಳ್ಳುವವರು ಇರುವುದಿಲ್ಲ. ಇವತ್ತು ಒಂದು ಹಾರ್ಸ್‌ಗೆ, ನಾಳೆ ಇನ್ನೊಂದಕ್ಕೆ, ನಡುವೆ ವಾರಗಟ್ಟಲೆ ಯಾರ್ಡಿನಲ್ಲಿ ಬಿಸಿಲು ಮಳೆಗೆ. ಅದರ ಬ್ರೇಕ್ ಹೊಂದಿಸಿದ್ದು ಯಾವಾಗ ಎಂದು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ.

ಭಾರ ಮಾತ್ರ ಹೆಚ್ಚು ಕೂರುವುದು ಅದರ ಮೇಲೆಯೇ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿದ ಮೇಲೆ, ಮೂರು ಆಕ್ಸಲ್ ಟ್ರೇಲರ್‌ನ ಚಕ್ರಗಳ ಮೇಲೆ 27 ಟನ್ ಬೀಳಬಹುದು. ಎರಡು ಆಕ್ಸಲ್ ಹಾರ್ಸ್ ಸೇರಿದರೆ ಒಟ್ಟು 45.5 ಟನ್, ಮೂರು ಆಕ್ಸಲ್ ಹಾರ್ಸ್ ಆದರೆ 55 ಟನ್. ಸಕಲೇಶಪುರ ದಾಟಿ ಶಿರಾಡಿ ಇಳಿಯುವಾಗ, ಯಲ್ಲಾಪುರದಿಂದ ಅಂಕೋಲೆಯ ಕಡೆ ಅರಬೈಲ್ ಇಳಿಯುವಾಗ ಈ ತೂಕದ ಅರ್ಧದಷ್ಟನ್ನು ತಡೆಯಬೇಕಾದದ್ದು ಟ್ರೇಲರ್‌ನ ಆರು ಬ್ರೇಕ್‌ಗಳು. ಅದಕ್ಕೇ ಈ ಬರಹದಲ್ಲಿ ಎಂಜಿನ್ ಆಯಿಲ್‌ಗಿಂತ ಟ್ರೇಲರ್ ಬ್ರೇಕ್‌ಗೆ, ಕೊಂಡಿಗೆ, ಟೈರಿಗೆ ಹೆಚ್ಚು ಜಾಗ ಕೊಟ್ಟಿದೆ.

ಎಂಟು ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಲೇಬೇಕು. ಆದರೆ ಎಫ್‌ಸಿ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ಬ್ರೇಕ್ ಲೈನರ್ ಸವೆಯುವುದು, ನಟ್ ಸಡಿಲವಾಗುವುದು, ಹೋಸ್ ಉಜ್ಜಿ ತೂತಾಗುವುದು ಎಲ್ಲ ವಾರಗಳಲ್ಲಿ ಆಗುವ ಕೆಲಸ.

ಶುರು ಮಾಡುವ ಮುನ್ನ

ಸಮತಟ್ಟು ಜಾಗ ಬೇಕು. ಚಕ್ರಗಳಿಗೆ ಎರಡೂ ಕಡೆಯಿಂದ ಮರದ ಅಡೆ ಕೊಡಿ, ಹಾರ್ಸ್‌ಗೂ ಟ್ರೇಲರ್‌ಗೂ. ಮುಂದೆ ಹೇಳುವ ಕೆಲವು ಪರೀಕ್ಷೆಗಳಲ್ಲಿ ಹ್ಯಾಂಡ್ ಬ್ರೇಕ್ ಬಿಡಬೇಕಾಗುತ್ತದೆ. ಅಡೆ ಇಲ್ಲದೆ ಅಡಿಗೆ ನುಗ್ಗುವುದು ಪ್ರಾಣಕ್ಕೆ ಎರವು. ಕೈಯಲ್ಲಿ ಟಾರ್ಚ್, ಟೈರ್ ಗೇಜ್, ಟ್ರೆಡ್ ಆಳ ನೋಡುವ ಗೇಜ್, ಸ್ಟೀಲ್ ಸ್ಕೇಲ್, ಸೀಮೆಸುಣ್ಣ, ವೀಲ್ ಪಾನಾ ಮತ್ತು ಹಳೆ ಬಟ್ಟೆ ಇದ್ದರೆ ಸಾಕು. ಪೆಡಲ್ ಒತ್ತಲು ಇನ್ನೊಬ್ಬರು ಬೇಕು. ಕ್ಲೀನರ್ ಇಲ್ಲದ ಗಾಡಿಯಲ್ಲಿ ಪಕ್ಕದ ಡ್ರೈವರ್ ನೆರವು ಕೇಳಿ. ಸೀಟಿಗೂ ಪೆಡಲಿಗೂ ನಡುವೆ ಕೋಲು ಸಿಕ್ಕಿಸುವುದಾದರೆ ಅದು ಜಾರದಂತೆ ಭದ್ರವಾಗಿರಬೇಕು.

ಪ್ರತಿದಿನದ ಸುತ್ತಿಗೆ 20 ನಿಮಿಷ ಹಿಡಿಯುತ್ತದೆ. ಬ್ರೇಕ್ ಸ್ಟ್ರೋಕ್ (ಪೆಡಲ್ ಒತ್ತಿದಾಗ ಬ್ರೇಕಿನ ಪುಶ್ ರಾಡ್ ಚಲಿಸುವ ದೂರ) ಅಳತೆ ಮತ್ತು ಲೈನರ್ ದಪ್ಪವನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಘಟ್ಟದ ದಾರಿಯಲ್ಲೇ ಓಡುವ ಗಾಡಿಗೆ ವಾರಕ್ಕೊಮ್ಮೆ. ಕಿಂಗ್ ಪಿನ್ (ಟ್ರೇಲರ್ ಅಡಿಯ ಕೊಂಡಿ ಗೂಟ) ಸವೆತ ಮೂರು ತಿಂಗಳಿಗೊಮ್ಮೆ ಸಾಕು. ಹೊಸದಾಗಿ ಕೊಂಡಿ ಹಾಕಿದ ಟ್ರೇಲರ್ ಆದರೆ ಈ ಲೆಕ್ಕ ಯಾವುದೂ ಬೇಡ, ಎಲ್ಲವನ್ನೂ ಅವತ್ತೇ ನೋಡಿ. ಹಿಂದಿನವರು ನೋಡಿರುತ್ತಾರೆ ಎಂಬ ನಂಬಿಕೆಯಲ್ಲೇ ಬಹುಪಾಲು ತೊಂದರೆ ಶುರುವಾಗುವುದು.

ಎಂಜಿನ್ ಚಾಲೂ ಮಾಡುವ ಮೊದಲು

ಕೀ ತಿರುಗಿಸುವ ಮುಂಚೆ ಗಾಡಿಯ ಅಡಿಯ ನೆಲ ನೋಡಿ. ಕಪ್ಪು ಹನಿ ಆಯಿಲ್, ಹಸಿರು ಅಥವಾ ಕೆಂಪು ಬಣ್ಣದ ನೀರು ಕೂಲಂಟ್, ಬಿಳಿ ಹರಳು ಕಟ್ಟಿದ್ದರೆ ಡಿಇಎಫ್ (ಹೊಗೆ ಶುದ್ಧ ಮಾಡುವ ದ್ರವ). ಚಕ್ರದ ಒಳಮೈಗೆ ಗ್ರೀಸ್ ಅಥವಾ ಆಯಿಲ್ ಎರಚಿದ್ದರೆ ಹಬ್ (ಚಕ್ರದ ನಡುಭಾಗ) ಸೀಲ್ ಹೋಗಿದೆ. ಡಿಪ್‌ಸ್ಟಿಕ್, ಕೂಲಂಟ್, ಪವರ್ ಸ್ಟಿಯರಿಂಗ್ ಆಯಿಲ್, ಬೆಲ್ಟ್‌ಗಳನ್ನು ಎಂದಿನಂತೆ ನೋಡಿ ಮುಗಿಸಿ.

ನಂತರ ಬ್ರೇಕ್ ನಡೆಸುವ ಗಾಳಿಯ ಒತ್ತಡ ಎಷ್ಟಿದೆ ಎಂದು ಗೇಜಿನಲ್ಲಿ ನೋಡಿ. ರಾತ್ರಿ ಪೂರ್ತಿ ತುಂಬಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸೊನ್ನೆಗೆ ಬಂದಿದ್ದರೆ ಎಲ್ಲೋ ಸೋರುತ್ತಿದೆ. ಎಷ್ಟೋ ಜನ ಐದು ನಿಮಿಷ ರೇಸ್ ಮಾಡಿ ತುಂಬಿಸಿಕೊಂಡು ಹೊರಟುಬಿಡುತ್ತಾರೆ. ಹಾಗೆ ಮಾಡಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕಾಯುತ್ತದೆ, ಆಯಿಲ್ ಎಸೆಯುತ್ತದೆ, ಆ ಆಯಿಲ್ ವಾಲ್ವ್‌ಗಳ ರಬ್ಬರ್ ತಿನ್ನುತ್ತದೆ.

ಏರ್ ಟ್ಯಾಂಕ್‌ಗಳ ಕೆಳಗಿನ ಡ್ರೈನ್ ಎಳೆಯಿರಿ. ಟ್ರೇಲರ್‌ನ ಟ್ಯಾಂಕಿಗೂ ಡ್ರೈನ್ ಇದೆ, ಅದನ್ನು ಮರೆಯುವವರೇ ಹೆಚ್ಚು. ನಾಲ್ಕಾರು ಹನಿ ನೀರು ಬಂದರೆ ಚಿಂತೆಯಿಲ್ಲ. ದಿನವೂ ಲೋಟದಷ್ಟು ಬಂದರೆ ಏರ್ ಡ್ರೈಯರ್‌ನ ಕಾರ್ಟ್ರಿಜ್ ಮುಗಿದಿದೆ. ಹಾಲಿನ ಬಣ್ಣದ ಜಿಡ್ಡು ಬಂದರೆ ಕಂಪ್ರೆಸರ್ ರಿಂಗ್ ಸವೆದು ಆಯಿಲ್ ದಾಟುತ್ತಿದೆ. ಟ್ಯಾಂಕಿನಲ್ಲಿ ನೀರು ನಿಂತಷ್ಟೂ ಗಾಳಿಗೆ ಜಾಗ ಕಡಿಮೆ. ಒಂದೆರಡು ಸಲ ಬ್ರೇಕ್ ಒತ್ತಿದರೆ ಒತ್ತಡ ಇಳಿದುಬಿಡುತ್ತದೆ.

ಗಾಳಿಯ ಪರೀಕ್ಷೆ

ಎಂಜಿನ್ ಚಾಲೂ ಮಾಡಿ ಒತ್ತಡ ಪೂರ್ತಿ ಏರಲು ಬಿಡಿ. ಗಾಡಿಯ ಮಾದರಿಗೆ ತಕ್ಕಂತೆ 8ರಿಂದ 10 ಬಾರ್ ನಡುವೆ ಏರ್ ಡ್ರೈಯರ್ 'ಪುಸ್' ಎಂದು ಗಾಳಿ ಬಿಡಬೇಕು. ಎರಡೂ ಸರ್ಕ್ಯೂಟ್‌ನ ಮುಳ್ಳು ಏರಬೇಕು. ಎಂದಿಗಿಂತ ಹೆಚ್ಚು ಹೊತ್ತು ಹಿಡಿದರೆ ಬರೆದಿಟ್ಟುಕೊಳ್ಳಿ.

ಈಗ ಎಂಜಿನ್ ಆಫ್ ಮಾಡಿ, ಕೀ ಆನ್ ಇರಲಿ. ಅಡೆ ಇದೆಯೆಂದು ಮತ್ತೊಮ್ಮೆ ನೋಡಿ ಹ್ಯಾಂಡ್ ಬ್ರೇಕ್ ಬಿಡಿ. ಪೆಡಲ್ ಮುಟ್ಟದೆ ಒಂದು ನಿಮಿಷ ಕಾಯಿರಿ: ಹಾರ್ಸ್ ಮತ್ತು ಟ್ರೇಲರ್ ಸೇರಿ ಒತ್ತಡ 0.2 ಬಾರ್‌ಗಿಂತ ಹೆಚ್ಚು ಇಳಿಯಬಾರದು. ಆಮೇಲೆ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಆಗುವ ಇಳಿತ ಲೆಕ್ಕಕ್ಕಿಲ್ಲ. ಅದು ನಿಂತ ಮೇಲಿನ ಒಂದು ನಿಮಿಷದಲ್ಲಿ ಹೆಚ್ಚೆಂದರೆ 0.3 ಬಾರ್ ಇಳಿಯಬಹುದು. ಅದಕ್ಕಿಂತ ಹೆಚ್ಚಾದರೆ ಪೆಡಲ್ ಒತ್ತಿದ್ದಂತೆಯೇ ಇನ್ನೊಬ್ಬರು ಗಾಡಿ ಸುತ್ತ ನಡೆದು ಕಿವಿ ಕೊಡಲಿ. ಸದ್ದು ಬಂದ ಕಡೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಒತ್ತಿದಾಗ ಮಾತ್ರ ಸೋರಿದರೆ ಬ್ರೇಕ್ ಚೇಂಬರ್‌ನ (ಗಾಳಿಯಿಂದ ಬ್ರೇಕ್ ತಳ್ಳುವ ಡಬ್ಬಿ) ಡಯಾಫ್ರಾಮ್ ಅಥವಾ ಹಳದಿ ಹೋಸ್ ನೋಡಿ. ಒತ್ತದಿದ್ದಾಗಲೂ ಸೋರಿದರೆ ಕೆಂಪು ಹೋಸ್, ಟ್ಯಾಂಕ್, ಅಥವಾ ಸ್ಪ್ರಿಂಗ್ ಬ್ರೇಕ್‌ನ (ಗಾಳಿ ಹೋದಾಗ ಸ್ಪ್ರಿಂಗ್ ಬಲದಿಂದ ಹಿಡಿಯುವ ಬ್ರೇಕ್) ಕಡೆ.

ಕೊನೆಗೆ ಪೆಡಲ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಗಾಳಿ ಇಳಿಸಿ. 4 ಬಾರ್‌ಗೆ ಬರುವ ಮೊದಲೇ ಬಜರ್ ಕೂಗಿ ದೀಪ ಹತ್ತಬೇಕು. ಬಜರ್ ವೈರ್ ಕಿತ್ತುಹಾಕಿದ ಗಾಡಿಗಳು ರಸ್ತೆಯಲ್ಲಿ ಸಾಕಷ್ಟಿವೆ; ಅದನ್ನು ಮತ್ತೆ ಜೋಡಿಸದೆ ಹೊರಡಬೇಡಿ.

ಕೆಂಪು ಹೋಸ್, ಹಳದಿ ಹೋಸ್

ಕೆಂಪು ಸಾಲು ಟ್ರೇಲರ್ ಟ್ಯಾಂಕಿಗೆ ಸದಾ ಗಾಳಿ ತುಂಬುತ್ತದೆ. ಹಳದಿ ಸಾಲು ಪೆಡಲ್ ಒತ್ತಿದಾಗ ಮಾತ್ರ ಗಾಳಿ ಕಳಿಸಿ ಎಷ್ಟು ಬ್ರೇಕ್ ಬೇಕೆಂದು ತಿಳಿಸುತ್ತದೆ. ಎರಡನ್ನೂ ಅದಲು ಬದಲು ಹಾಕಿದರೆ ಟ್ರೇಲರ್ ಬ್ರೇಕ್ ಬಿಡುವುದೇ ಇಲ್ಲ, ಅಥವಾ ಟ್ಯಾಂಕ್ ತುಂಬದೆ ಬ್ರೇಕ್ ಇಲ್ಲದಂತಾಗುತ್ತದೆ. ತಪ್ಪಾಗದಿರಲೆಂದೇ ಪಾಮ್ ಕಪ್ಲಿಂಗ್‌ನಲ್ಲಿ ಗುರುತು ಗಂಟು ಕೊಟ್ಟಿರುತ್ತಾರೆ. ಆ ಗಂಟನ್ನು ಉಜ್ಜಿ ತೆಗೆದಿರುವ ಹಳೆ ಕಪ್ಲಿಂಗ್ ಬದಲಿಸಿ. ಒಳಗಿನ ರಬ್ಬರ್ ವಾಷರ್ ಒಡೆದಿದ್ದರೆ ಹೊಸದು ಹಾಕಿ, ಟೇಪ್ ಸುತ್ತಬೇಡಿ.

ಹೋಸ್ ಸಾಲಿಗೆ ಕಾಕ್ (ಗಾಳಿ ತಡೆಯುವ ನಲ್ಲಿ) ಇರುವ ಗಾಡಿಗಳಲ್ಲಿ ಅದರ ಹಿಡಿ ತೆರೆದಿದೆಯೇ ಎಂದು ಕೈಯಲ್ಲಿ ಮುಟ್ಟಿ ನೋಡಿ. ಹಳದಿ ಸಾಲಿನ ಕಾಕ್ ಮುಚ್ಚಿ ಉಳಿದರೆ ಪೆಡಲ್ ಎಷ್ಟೇ ಒತ್ತಿದರೂ ಟ್ರೇಲರ್‌ಗೆ ಗೊತ್ತಾಗುವುದಿಲ್ಲ. ಖಾಲಿ ಗಾಡಿಯಲ್ಲಿ ಹಾರ್ಸ್ ಬ್ರೇಕೇ ನಿಲ್ಲಿಸಿಬಿಡುವುದರಿಂದ ಡ್ರೈವರ್‌ಗೂ ಅನುಮಾನ ಬರುವುದಿಲ್ಲ. ಲೋಡ್ ಆದ ಮೇಲೆ, ಇಳಿಜಾರಿನಲ್ಲಿ, ಟ್ರೇಲರ್ ಹಿಂದಿನಿಂದ ದೂಡುತ್ತದೆ.

ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನೂ ಮಾಡಿ. ಗಾಳಿ ಪೂರ್ತಿ ತುಂಬಿಸಿ, ಅಡೆ ಕೊಟ್ಟು, ಕೆಂಪು ಕಪ್ಲಿಂಗ್ ಬಿಚ್ಚಿ. ಮುಖ ಬದಿಗಿರಲಿ, ಹೋಸ್ ಬಿಗಿಯಾಗಿ ಹಿಡಿದಿರಿ, ಬಿಟ್ಟರೆ ಅದು ಚಾವಟಿಯಂತೆ ಬಡಿಯುತ್ತದೆ. ಬಿಚ್ಚಿದ ಕೂಡಲೇ ಟ್ರೇಲರ್ ಬ್ರೇಕ್ ತಾನಾಗಿಯೇ ಹಿಡಿಯಬೇಕು. ಹಿಡಿಯದಿದ್ದರೆ ಎಮರ್ಜೆನ್ಸಿ ರಿಲೇ ವಾಲ್ವ್ ಕೆಟ್ಟಿದೆ. ದಾರಿಯಲ್ಲಿ ಕೊಂಡಿ ಕಳಚಿದರೆ ಆ ಟ್ರೇಲರನ್ನು ನಿಲ್ಲಿಸುವುದು ಆ ವಾಲ್ವ್ ಮಾತ್ರ.

ಹೋಸ್‌ಗಳು ಹಾರ್ಸ್‌ನ ಚಾಸಿಗೆ ಉಜ್ಜಬಾರದು, ತಿರುವಿನಲ್ಲಿ ಬಿಗಿಯಬಾರದು. ರಬ್ಬರ್ ಸವೆದು ಒಳಗಿನ ನೂಲು ಕಂಡರೆ ಅವತ್ತೇ ಬದಲಾಯಿಸಬೇಕು. ಎಬಿಎಸ್ ಕೇಬಲ್ ಬೇರೆ ಇದ್ದರೆ ಅದೂ ಸಿಕ್ಕಿರಲಿ. ಸಿಕ್ಕಿಸದಿದ್ದರೂ ಬ್ರೇಕ್ ಹಿಡಿಯುತ್ತದೆ, ಆದರೆ ಮಳೆಯಲ್ಲಿ ಚಕ್ರ ಲಾಕ್ ಆಗಿ ಟ್ರೇಲರ್ ಅಡ್ಡ ತಿರುಗುತ್ತದೆ. ಕೀ ಹಾಕಿದಾಗ ಎಬಿಎಸ್ ದೀಪ ಹತ್ತಿ, ಆರಬೇಕು. ಹತ್ತದೇ ಇದ್ದರೂ ತಪ್ಪು, ಆರದೇ ಇದ್ದರೂ ತಪ್ಪು.

ಸ್ಲ್ಯಾಕ್ ಅಡ್ಜಸ್ಟರ್ ಅಳತೆ

ಇಡೀ ತಪಾಸಣೆಯಲ್ಲಿ ಒಂದೇ ಕೆಲಸಕ್ಕೆ ಸಮಯವಿದೆ ಅಂದರೆ ಇದನ್ನು ಮಾಡಿ. ಸ್ಲ್ಯಾಕ್ ಅಡ್ಜಸ್ಟರ್ ಅಂದರೆ ಪುಶ್ ರಾಡ್‌ಗೂ ಬ್ರೇಕ್ ಶೂ ತಳ್ಳುವ ಎಸ್ ಕ್ಯಾಮ್‌ಗೂ ನಡುವಿನ ಸನ್ನೆ; ಲೈನರ್ ಸವೆದಂತೆ ಅದನ್ನು ಹೊಂದಿಸಬೇಕು.

ಒತ್ತಡ 6ರಿಂದ 7 ಬಾರ್ ಇರಲಿ, ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ, ಅಡೆ ಇರಲಿ. ಬ್ರೇಕ್ ಚೇಂಬರ್‌ನಿಂದ ಹೊರಬರುವ ಪುಶ್ ರಾಡ್ ಮೇಲೆ, ಚೇಂಬರ್ ಮುಖಕ್ಕೆ ತಾಗಿದಂತೆ ಸೀಮೆಸುಣ್ಣದ ಗೆರೆ ಎಳೆಯಿರಿ. ಇನ್ನೊಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ದೂರ ಬಂತೆಂದು ಸ್ಕೇಲಿನಲ್ಲಿ ಅಳೆಯಿರಿ. ಸಾಮಾನ್ಯ ಟೈಪ್ 30 ಚೇಂಬರ್‌ಗೆ 50 ಮಿ.ಮೀ. ಮಿತಿ, ಟೈಪ್ 24ಕ್ಕೆ 45 ಮಿ.ಮೀ. ಉದ್ದ ಸ್ಟ್ರೋಕ್‌ನ ಚೇಂಬರ್‌ಗೆ ಮಿತಿ ಬೇರೆ, ಅದನ್ನು ಚೇಂಬರ್ ಮೇಲೇ ನಮೂದಿಸಿರುತ್ತಾರೆ. ಒಂದೇ ಆಕ್ಸಲ್‌ನ ಎಡ ಬಲದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಎರಡೂ ಮಿತಿಯೊಳಗೇ ಇದ್ದರೂ, ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಈ ಮಿತಿ ಯಾಕೆ ಅಷ್ಟು ಮುಖ್ಯ? ಟೈಪ್ 30 ಚೇಂಬರ್‌ನ ರಾಡ್ ಒಟ್ಟು ಚಲಿಸುವುದೇ ಸುಮಾರು 64 ಮಿ.ಮೀ. ಕೊನೆ ಕೊನೆಗೆ ಬಂದಂತೆ ಅದರ ತಳ್ಳುವ ಬಲ ಬೇಗ ಕುಸಿಯುತ್ತದೆ. ಘಟ್ಟ ಇಳಿಯುವಾಗ ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಆಗ ರಾಡ್ ಇನ್ನಷ್ಟು ದೂರ ಚಾಚಬೇಕು. ತಣ್ಣಗಿದ್ದಾಗ 50 ತೋರಿಸಿದ ಬ್ರೇಕ್ ಕಾದಾಗ ತುದಿ ಮುಟ್ಟಿಬಿಡುತ್ತದೆ: ಗೇಜಿನಲ್ಲಿ ಗಾಳಿ ಪೂರ್ತಿ ಇದೆ, ಪೆಡಲ್ ಗಟ್ಟಿಯಾಗಿದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬ್ರೇಕ್ ಫೇಲ್ ಎಂದು ಹೇಳುವ ಎಷ್ಟೋ ಅಪಘಾತಗಳ ಹಿಂದೆ ಫೇಲ್ ಆದ ಭಾಗ ಯಾವುದೂ ಇರುವುದಿಲ್ಲ, ಹೊಂದಿಸದೆ ಬಿಟ್ಟ ಸ್ಲ್ಯಾಕ್ ಇರುತ್ತದೆ.

ಕೈಯಲ್ಲಿ ಹೊಂದಿಸುವ ಸ್ಲ್ಯಾಕ್ ಆದರೆ, ಶೂ ಡ್ರಮ್‌ಗೆ ತಾಗುವವರೆಗೆ ಬಿಗಿದು ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಹಿಂದಕ್ಕೆ ಬಿಡಿ. ಬಿಗಿಯುವ ದಿಕ್ಕು ಸರಿಯಿದೆಯೆಂದು ಎಸ್ ಕ್ಯಾಮ್ ಯಾವ ಕಡೆ ತಿರುಗುತ್ತಿದೆ ಎಂಬುದನ್ನು ನೋಡಿ ಖಚಿತಮಾಡಿಕೊಳ್ಳಿ. ಮುಗಿದ ಮೇಲೆ ಮತ್ತೆ ಅಳೆಯಿರಿ, ಚಕ್ರ ಎತ್ತಿ ತಿರುಗಿಸಿ ಉಜ್ಜುವುದಿಲ್ಲ ಎಂದು ನೋಡಿ. ಆಟೋ ಸ್ಲ್ಯಾಕ್‌ನಲ್ಲಿ ಸ್ಟ್ರೋಕ್ ಹೆಚ್ಚಿದ್ದರೆ ಕೈಯಲ್ಲಿ ಬಿಗಿದು ಸುಮ್ಮನಾಗುವುದು ತಪ್ಪು. ತಾನೇ ಹೊಂದಿಕೊಳ್ಳಬೇಕಾದದ್ದು ಹೊಂದಿಕೊಂಡಿಲ್ಲ ಅಂದರೆ ಕಾರಣವಿದೆ: ಕ್ಲೆವಿಸ್ ಪಿನ್ ಸವೆದಿದೆ, ಕ್ಯಾಮ್ ಬುಷ್ ಆಡುತ್ತಿದೆ, ಶೂ ರಿಟರ್ನ್ ಸ್ಪ್ರಿಂಗ್ ತುಂಡಾಗಿದೆ, ಚೇಂಬರ್ ಬ್ರಾಕೆಟ್ ಬಿರಿದಿದೆ, ಇಲ್ಲವೇ ಸ್ಲ್ಯಾಕೇ ಸತ್ತಿದೆ. ಕಾರಣ ಸರಿಪಡಿಸದೆ ಬಿಗಿದರೆ ಎರಡು ವಾರದಲ್ಲಿ ಮತ್ತೆ ಅಲ್ಲಿಗೇ ಬರುತ್ತದೆ, ಅದೂ ಯಾರೂ ನೋಡದಿರುವಾಗ.

ಲೈನರ್ ದಪ್ಪವನ್ನು ಡಸ್ಟ್ ಕವರ್‌ನ ರಬ್ಬರ್ ಮುಚ್ಚಳ ತೆಗೆದು ಟಾರ್ಚಿನಲ್ಲಿ ನೋಡಿ. ಅತಿ ತೆಳುವಾದ ಕಡೆ 6 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸಿ. ಅಲ್ಲಿಂದ ಮುಂದೆ ರಿವೆಟ್ ತಲೆ ಡ್ರಮ್ ಕೊರೆಯುತ್ತದೆ. ಸೀಲ್ ಹೋಗಿ ಲೈನರ್‌ಗೆ ಗ್ರೀಸ್ ಹೀರಿದ್ದರೆ ಪೆಟ್ರೋಲಿನಲ್ಲಿ ಒರೆಸಿ ಪ್ರಯೋಜನವಿಲ್ಲ. ಸೀಲ್ ಹಾಕಿ, ಆ ಆಕ್ಸಲ್‌ನ ಎರಡೂ ಬದಿಯ ಲೈನರ್ ಬದಲಿಸಿ. ಡ್ರಮ್ ಮೇಲಿನ ಕೂದಲೆಳೆಯ ಬಿರುಕುಗಳು ಕಾವಿನಿಂದ ಬರುತ್ತವೆ, ಅವು ಇರಬಹುದು. ಅಂಚಿನವರೆಗೆ ಹಾದುಹೋದ ಬಿರುಕು ಇದ್ದರೆ ಡ್ರಮ್ ಕೆಲಸಕ್ಕೆ ಬಾರದು.

ಸ್ಪ್ರಿಂಗ್ ಬ್ರೇಕ್ ಇರುವ ಚೇಂಬರ್‌ನ ಕ್ಲಾಂಪ್ ಬೋಲ್ಟನ್ನು ರಸ್ತೆ ಬದಿಯಲ್ಲಿ ಎಂದೂ ಬಿಚ್ಚಬೇಡಿ. ಒಳಗೆ ಅಮುಕಿಟ್ಟ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಬ್ರೇಕ್ ಬಿಡಿಸಬೇಕಾದರೆ ಅದಕ್ಕೆಂದೇ ಇರುವ ಹಿಂದಿನ ರಿಲೀಸ್ ಬೋಲ್ಟ್ ಬಳಸಿ, ಅದಕ್ಕೂ ಮೊದಲು ಅಡೆ ಕೊಡಿ.

ಫಿಫ್ತ್ ವೀಲ್ ಮತ್ತು ಕಿಂಗ್ ಪಿನ್

ಕೊಂಡಿ ಹಾಕುವಾಗ ಟ್ರೇಲರ್‌ನ ತಟ್ಟೆ ಫಿಫ್ತ್ ವೀಲ್‌ಗಿಂತ (ಹಾರ್ಸ್ ಮೇಲಿನ ಕೊಂಡಿ ತಟ್ಟೆ) ಚೂರು ಕೆಳಗಿರಬೇಕು. ಹಾರ್ಸ್ ಹಿಂದಕ್ಕೆ ಬಂದಾಗ ಟ್ರೇಲರ್ ಮುಂಭಾಗ ಸ್ವಲ್ಪ ಎದ್ದು ಕೂರಬೇಕು. ಟ್ರೇಲರ್ ಎತ್ತರದಲ್ಲಿದ್ದರೆ ಕಿಂಗ್ ಪಿನ್ ಅದನ್ನು ಹಿಡಿಯಬೇಕಾದ ದವಡೆಯ ಮೇಲೇ ಉಳಿಯುತ್ತದೆ. ಹಿಡಿ ಒಳಗೆ ಹೋಗುತ್ತದೆ, ಕ್ಲಿಕ್ ಸದ್ದೂ ಬರಬಹುದು, ಆದರೆ ಪಿನ್ ಹಿಡಿದಿರುವುದಿಲ್ಲ. ಮೊದಲ ತಿರುವಿನಲ್ಲಿ ಟ್ರೇಲರ್ ಜಾರುತ್ತದೆ.

ಹಾಗಾಗಿ ಸದ್ದನ್ನು ನಂಬಬೇಡಿ. ಮೂರು ಕೆಲಸ ಮಾಡಿ. ಮೊದಲು, ಟ್ರೇಲರ್ ಬ್ರೇಕ್ ಹಿಡಿದಿರುವಾಗ ಕಡಿಮೆ ಗೇರಿನಲ್ಲಿ ಹಾರ್ಸನ್ನು ಮೆಲ್ಲಗೆ ಮುಂದಕ್ಕೆ ಎಳೆದು ನೋಡಿ. ನಂತರ ಇಳಿದು ಪಕ್ಕದಿಂದ ನೋಡಿ: ಟ್ರೇಲರ್ ತಟ್ಟೆಗೂ ಫಿಫ್ತ್ ವೀಲ್‌ಗೂ ನಡುವೆ ಬೆಳಕು ಕಾಣಬಾರದು. ಆಮೇಲೆ ಹಿಂದಿನಿಂದ ಟಾರ್ಚ್ ಹಾಕಿ, ದವಡೆ ಪಿನ್ನಿನ ಕುತ್ತಿಗೆಯನ್ನು ಸುತ್ತುವರಿದಿದೆಯೇ ನೋಡಿ. ಹಿಡಿ ಪೂರ್ತಿ ಒಳಗಿರಬೇಕು, ಸೇಫ್ಟಿ ಕೊಕ್ಕೆ ಬಿದ್ದಿರಬೇಕು. ಇವೆಲ್ಲ ಸರಿಯಾದ ಮೇಲೆಯೇ ಲ್ಯಾಂಡಿಂಗ್ ಲೆಗ್ (ಬಿಚ್ಚಿಟ್ಟ ಟ್ರೇಲರ್‌ನ ಮುಂಭಾಗ ಹೊರುವ ಕಾಲು) ಎತ್ತಿ, ಪೂರ್ತಿ ಎತ್ತಿ, ಹ್ಯಾಂಡಲ್ ಮಡಚಿ ಕ್ಲಿಪ್ಪಿಗೆ ಸಿಕ್ಕಿಸಿ.

ಹೊರಡುವಾಗಲೂ ನಿಲ್ಲಿಸುವಾಗಲೂ ಕೊಂಡಿಯಲ್ಲಿ 'ಟಕ್' ಎಂದು ಬಡಿದರೆ ಪಿನ್ ಅಥವಾ ದವಡೆ ಸವೆದಿದೆ. 2 ಇಂಚಿನ ಕಿಂಗ್ ಪಿನ್ ಹೊಸದಿದ್ದಾಗ 50.8 ಮಿ.ಮೀ. ದಪ್ಪ, 49ಕ್ಕೆ ಬಂದರೆ ಬದಲಿಸಬೇಕು. ಒಂದೇ ಕಡೆ ಅಳೆದರೆ ಸಾಲದು, ಹಿಂದುಮುಂದು ಎಳೆತ ಬೀಳುವ ದಿಕ್ಕಿನಲ್ಲಿ ಹೆಚ್ಚು ಸವೆದಿರುತ್ತದೆ. ಸವೆದ ಪಿನ್‌ಗೆ ವೆಲ್ಡಿಂಗ್ ತುಂಬಿಸಿ ಉಜ್ಜಿ ಕೊಡುವವರಿದ್ದಾರೆ. ಕಾವಿನಲ್ಲಿ ಉಕ್ಕಿನ ಹದ ಕೆಟ್ಟು ಅದು ಮುಂದೆ ಒಮ್ಮೆಲೇ ಮುರಿಯುತ್ತದೆ, ಆ ಕೆಲಸಕ್ಕೆ ಒಪ್ಪಬೇಡಿ. ಫಿಫ್ತ್ ವೀಲ್ ತಟ್ಟೆ ಒಣಗಿದ್ದರೆ ಹಳೆ ಗ್ರೀಸ್, ಮಣ್ಣು ಕೆರೆದು ಹೊಸ ಗ್ರೀಸ್ ಹಚ್ಚಿ. ಒಣ ತಟ್ಟೆಯಿಂದ ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಿಂದ ಹೊರಬರುವಾಗ ಗಾಡಿ ನೇರವಾಗಲು ಒಪ್ಪುವುದಿಲ್ಲ.

ಟೈರ್, ನಟ್, ಹಬ್

ಎರಡು ಆಕ್ಸಲ್ ಹಾರ್ಸ್, ಮೂರು ಆಕ್ಸಲ್ ಟ್ರೇಲರ್ ಅಂದರೆ 18 ಟೈರ್. ಮೂರು ಆಕ್ಸಲ್ ಹಾರ್ಸ್ ಆದರೆ 22. ಪಾನಾದಿಂದ ಬಡಿದು ಸದ್ದು ಕೇಳಿದರೆ ಪೂರ್ತಿ ಪಂಕ್ಚರ್ ಆದದ್ದು ಗೊತ್ತಾಗಬಹುದು, 30 ಪಿಎಸ್‌ಐ ಕಡಿಮೆ ಇರುವುದು ಗೊತ್ತಾಗುವುದಿಲ್ಲ. ಗೇಜ್ ಹಾಕಲೇಬೇಕು, ಅದೂ ತಣ್ಣಗಿದ್ದಾಗ. ಎಷ್ಟು ಇರಬೇಕೆಂಬುದನ್ನು ಟೈರ್ ಕಂಪನಿಯ ಭಾರದ ಪಟ್ಟಿ ನೋಡಿ ಇಟ್ಟುಕೊಳ್ಳಿ. ಓಡಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಏರಿರುವುದು ಸಹಜ. ಗಾಳಿ ಬಿಡಬೇಡಿ, ತಣಿದ ಮೇಲೆ ಕಡಿಮೆಯಾಗುತ್ತದೆ.

ಜೋಡಿ ಚಕ್ರದಲ್ಲಿ ಒಳಗಿನದು ಕಣ್ಣಿಗೆ ಬೀಳುವುದಿಲ್ಲ, ಅದರ ವಾಲ್ವ್ ಕೈಗೆ ಸಿಗುವುದಿಲ್ಲ, ಹಾಗಾಗಿ ಅದನ್ನು ಬಿಟ್ಟುಬಿಡುತ್ತಾರೆ. ಒಳಗಿನದರಲ್ಲಿ ಗಾಳಿ ಕಡಿಮೆಯಾದರೆ ಹೊರಗಿನದು ಎರಡರ ಭಾರ ಹೊತ್ತು ಕಾಯುತ್ತದೆ, ಒಳಗಿನದು ಮಡಚಿ ಮಡಚಿ ಕಾಯುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದ್ದರೆ ತೆಗೆಯಿರಿ. ಟ್ರೆಡ್ ಆಳದಲ್ಲಿ 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿರುವ ಎರಡನ್ನು ಜೋಡಿ ಮಾಡಬೇಡಿ. ಎತ್ತರದ್ದು ಭಾರ ಹೊರುತ್ತದೆ, ಗಿಡ್ಡದ್ದು ರಸ್ತೆಗೆ ಉಜ್ಜುತ್ತದೆ.

ಇರಬೇಕಾದ ಒತ್ತಡಕ್ಕಿಂತ ಶೇ 20ರಷ್ಟು ಇಳಿದಿದ್ದರೆ, ಅಂದರೆ 120 ಇರಬೇಕಾದದ್ದು 96ಕ್ಕಿಂತ ಕೆಳಗಿದ್ದರೆ, ಅದನ್ನು ಪಂಕ್ಚರ್ ಎಂದೇ ಎಣಿಸಿ. ಹಾಗೆ ಓಡಿದ ಟೈರಿನ ಬದಿಯ ತಂತಿಗಳು ಒಳಗೇ ತುಂಡಾಗಿರಬಹುದು, ಗಾಳಿ ತುಂಬುವಾಗ ಬದಿಯೇ ಸೀಳಿ ಸಿಡಿಯುತ್ತದೆ. ಬಿಚ್ಚಿ ಒಳಮೈ ನೋಡಿ, ಪಂಜರದೊಳಗಿಟ್ಟು ಗಾಳಿ ತುಂಬಬೇಕು. ಟ್ಯೂಬ್ ಇರುವ ಟೈರಿನ ಲಾಕ್ ರಿಂಗ್ ಡಿಸ್ಕ್ ಆದರೆ, ಚಕ್ರ ಬಿಚ್ಚುವ ಮೊದಲೇ ಜೋಡಿಯ ಎರಡೂ ಟೈರಿನ ಗಾಳಿ ಪೂರ್ತಿ ತೆಗೆಯಿರಿ. ರಿಂಗ್ ಹಾರಿ ಪಂಕ್ಚರ್ ಅಂಗಡಿಯವರ ಜೀವ ಹೋಗುವುದು ಈ ಒಂದು ಹೆಜ್ಜೆ ಬಿಟ್ಟಾಗ.

ಕಾನೂನಿನ ಪ್ರಕಾರ ಟ್ರೆಡ್ ಆಳ ಕನಿಷ್ಠ 1.6 ಮಿ.ಮೀ. ಮಲೆನಾಡಿನ ಮಳೆಗಾಲಕ್ಕೆ ಅದು ಸಾಲದು. ಮುಂದಿನ ಎರಡು ಟೈರ್ 4 ಮಿ.ಮೀ.ಗೆ ಬಂದಾಗಲೇ ತೆಗೆದು ಹಿಂದಕ್ಕೆ ಹಾಕುವುದು ಒಳ್ಳೆಯದು. ರೀಟ್ರೇಡ್ ಟೈರ್ ಮುಂದಕ್ಕೆ ಬೇಡ. ಸವೆತದ ಬಗೆಯನ್ನೂ ಓದಿ. ನಡು ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್. ಅಲ್ಲಲ್ಲಿ ಗುಳಿ ಬಿದ್ದರೆ ಬೇರಿಂಗ್ ಆಟ ಅಥವಾ ಶಾಕ್ ಅಬ್ಸಾರ್ಬರ್, ಒಂದೇ ಕಡೆ ಚಪ್ಪಟೆಯಾದರೆ ಬ್ರೇಕ್ ಲಾಕ್. ಟ್ರೇಲರ್ ಟೈರ್‌ಗಳು ಓರೆ ಸವೆಯುತ್ತಿದ್ದರೆ ಕಿಂಗ್ ಪಿನ್‌ನಿಂದ ಮೊದಲ ಆಕ್ಸಲ್‌ನ ಎಡ ತುದಿಗೂ ಬಲ ತುದಿಗೂ ಟೇಪ್ ಹಿಡಿದು ಅಳೆಸಿ, 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಿಂದಿನ ಆಕ್ಸಲ್‌ಗಳನ್ನು ಮೊದಲನೆಯದಕ್ಕೆ ಹೋಲಿಸಿದರೆ 1.5 ಮಿ.ಮೀ.ಯೊಳಗಿರಬೇಕು.

ವೀಲ್ ನಟ್ ಸುತ್ತ ತುಕ್ಕಿನ ಗೆರೆ ಹೊರಕ್ಕೆ ಹರಿದಿದ್ದರೆ ಅದು ಸಡಿಲವಾಗಿದೆ, ಕೈಗೆ ಬಿಗಿ ಅನ್ನಿಸಿದರೂ ಸರಿ. ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ ಡಿಸ್ಕ್ ಎಸೆಯಿರಿ. ಚಕ್ರ ಹಾಕುವಾಗ ಡಿಸ್ಕ್ ಮತ್ತು ಹಬ್ ಕೂರುವ ಮುಖದ ಮಣ್ಣು, ದಪ್ಪ ಬಣ್ಣ ಕೆರೆದು ತೆಗೆಯಿರಿ. ಓಡುವಾಗ ಅದು ಪುಡಿಯಾಗಿ ನಟ್ ಸಡಿಲವಾಗುತ್ತದೆ. ಎದುರು ಬದುರು ನಟ್‌ಗಳನ್ನು ಸರದಿಯಲ್ಲಿ ಬಿಗಿಯಿರಿ, ಕೊನೆಯ ಬಿಗಿ ಕಂಪನಿ ಹೇಳಿದ ಅಳತೆಗೆ ಟಾರ್ಕ್ ಪಾನಾದಲ್ಲಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಕೆಲವು ಹಳೆ ಗಾಡಿಗಳ ಎಡಬದಿಯಲ್ಲಿ ಎಡ ಮರೆ (ಎಡಕ್ಕೆ ತಿರುಗಿಸಿ ಬಿಗಿಯುವ ತಿರುಪು) ಇರುತ್ತದೆ, ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿದು ಸ್ಟಡ್ ಮುರಿಯುತ್ತಾರೆ.

ಸ್ಪ್ರಿಂಗ್ ಪಟ್ಟಿ, ಚಾಸಿ, ಸ್ಟಿಯರಿಂಗ್

ಸ್ಪ್ರಿಂಗ್ ಪ್ಲೇಟುಗಳಲ್ಲಿ ಬಿರುಕು, ಬದಿಗೆ ಸರಿದ ಪ್ಲೇಟು, ಸಡಿಲ ಯೂ-ಬೋಲ್ಟ್ ನೋಡಿ. ಪ್ಲೇಟಿನ ಅಂಚು ಹೊಳೆಯುತ್ತಿದ್ದರೆ ಅದು ಜರುಗುತ್ತಿದೆ. ಸೆಂಟರ್ ಬೋಲ್ಟ್ ತುಂಡಾದರೆ ಆಕ್ಸಲ್ ಒಂದು ಬದಿಗೆ ಹಿಂದೆ ಸರಿದು ಟ್ರೇಲರ್ ಓರೆಯಾಗಿ ಓಡುತ್ತದೆ. ಟ್ರೇಲರ್‌ನ ಹ್ಯಾಂಗರ್ ಬ್ರಾಕೆಟ್ ಚಾಸಿಗೆ ಬೆಸೆದಿರುವ ಮೂಲೆಗಳಲ್ಲೂ, ಮುಂದೆ ಚಾಸಿ ಬಾಗಿರುವ ಕತ್ತಿನಲ್ಲೂ ಬಣ್ಣ ಬಿರಿದು ತುಕ್ಕು ಕಂಡರೆ ಒರೆಸಿ ನೋಡಿ. ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಮತ್ತು ಎಬಿಎಸ್ ಕನೆಕ್ಟರ್ ಬಿಚ್ಚಿಸಿ.

ಸ್ಟಿಯರಿಂಗ್‌ನ ಆಟ 30 ಡಿಗ್ರಿ ಮೀರಬಾರದೆಂದು ನಿಯಮವಿದೆ. 500 ಮಿ.ಮೀ. ಅಗಲದ ಚಕ್ರದಲ್ಲಿ ಅದು ಅಂಚಿನಲ್ಲಿ ಸುಮಾರು 13 ಸೆಂ.ಮೀ. ಅಷ್ಟು ಆಗುವವರೆಗೆ ಕಾಯಬಾರದು. ಎಂಜಿನ್ ಓಡುತ್ತಿರುವಾಗ ಒಬ್ಬರು ಸ್ಟಿಯರಿಂಗ್ ಆಚೀಚೆ ಆಡಿಸಲಿ, ಇನ್ನೊಬ್ಬರು ಹೊರಬದಿಯಿಂದ ಬಾಲ್ ಜಾಯಿಂಟ್‌ಗಳನ್ನು ನೋಡಲಿ.

ದೀಪ, ಪಟ್ಟಿ, ಹಿಂದಿನ ಗಾರ್ಡ್

ಎಲ್ಲ ದೀಪ ಹತ್ತಿಸಿ ಸುತ್ತು ಬನ್ನಿ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾಗಿ ಹತ್ತಿದರೆ ಬಲ್ಬ್ ಬದಲಿಸಿ ಫಲವಿಲ್ಲ, ಅರ್ತ್ ಸಿಗುತ್ತಿಲ್ಲ. ಏಳು ಪಿನ್ ಪ್ಲಗ್‌ನ ಹಸಿರು ತುಕ್ಕು ಮೊದಲು ತೆಗೆಯಿರಿ. ಮಿನುಗು ಪಟ್ಟಿ ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಅದರ ಮೇಲಿನ ಕೆಸರನ್ನು ದಿನವೂ ಒರೆಸಿ. ರಾತ್ರಿ ನಿಂತ ಟ್ರೇಲರ್‌ನ ಬದಿಗೆ, ಹಿಂದಕ್ಕೆ ಬೈಕು ಕಾರುಗಳು ಬಂದು ನುಗ್ಗುವುದು ಅದು ಕಾಣದಿರುವುದರಿಂದಲೇ. ಹಿಂದಿನ ಗಾರ್ಡ್‌ನ ಕೆಳ ಅಂಚು ಖಾಲಿ ಗಾಡಿಯಲ್ಲಿ ನೆಲದಿಂದ 550 ಮಿ.ಮೀ. ಮೀರಬಾರದು. ಹಿಂದಕ್ಕೆ ಹೊಡೆದು ಮೇಲಕ್ಕೆ ಬಾಗಿದ ಗಾರ್ಡ್ ಕೆಳಗೆ ಕಾರು ತೂರಿಕೊಳ್ಳುತ್ತದೆ, ನೇರ ಮಾಡಿಸಿ.

ಸರಕು ಮತ್ತು ಮೊದಲ ನಿಲುಗಡೆ

ಕಂಟೇನರ್ ಆದರೆ ನಾಲ್ಕೂ ಟ್ವಿಸ್ಟ್ ಲಾಕ್ ತಿರುಗಿ ಬಿದ್ದಿರಬೇಕು. ಮೂರು ಸಾಕು ಎಂಬ ಲೆಕ್ಕ ಇಲ್ಲ. ತೋರಣಗಲ್ಲಿನಿಂದ ಬರುವ ಉಕ್ಕಿನ ಕಾಯಿಲ್‌ಗಳು ತೊಟ್ಟಿಲಿನಂಥ ಆಧಾರದಲ್ಲಿ ಕೂತಿರಬೇಕು, ಬರಿ ಮರದ ತುಂಡಿನ ಮೇಲಲ್ಲ. ಸರಪಳಿ, ಬೆಲ್ಟ್‌ಗಳ ಮೇಲೆ ಬರೆದಿರುವ ಸಾಮರ್ಥ್ಯ ಎಲ್ಲ ಕೂಡಿ ಸರಕಿನ ತೂಕದ ಅರ್ಧಕ್ಕಾದರೂ ಬರಬೇಕು. ಕಬ್ಬಿಣದ ಸರಳು ಹಿಂದೆ ಚಾಚಿಕೊಂಡಿರಬಾರದು. ಹೆಚ್ಚು ತೂಕ ಹಾಕಿದರೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. ಅದಕ್ಕಿಂತ ಮೊದಲು ಬ್ರೇಕ್ ಆ ತೂಕಕ್ಕೆ ಲೆಕ್ಕ ಹಾಕಿದ್ದಲ್ಲ ಎಂಬುದು ನೆನಪಿರಲಿ.

50ರಿಂದ 80 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ. ಬೆಲ್ಟ್ ಮತ್ತೆ ಬಿಗಿಯಿರಿ, ನಟ್ ನೋಡಿ, ಪ್ರತಿ ಹಬ್ ಹತ್ತಿರ ಕೈಯ ಹಿಂಬದಿ ಹಿಡಿದು ಕಾವು ಹೋಲಿಸಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಥವಾ ಬೇರಿಂಗ್ ಹೋಗುತ್ತಿದೆ. ಜೋಡಿ ಟೈರಿಗೆ ಬೆಂಕಿ ಹತ್ತುವುದು ಹೀಗೆ. ಎಲ್ಲ ಕಾದು ಒಂದು ಮಾತ್ರ ತಣ್ಣಗಿದ್ದರೆ ಆ ಬ್ರೇಕ್ ಕೆಲಸವೇ ಮಾಡುತ್ತಿಲ್ಲ. ಘಟ್ಟದ ತಲೆಯಲ್ಲಿ ಇದನ್ನೇ ಮತ್ತೆ ಮಾಡಿ, ಗಾಳಿ ಪೂರ್ತಿ ಇದೆಯೆಂದು ನೋಡಿ, ಎಕ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವ ಬ್ರೇಕ್) ಆನ್ ಮಾಡಿ, ಇಳಿಯುವ ಮೊದಲೇ ಕೆಳ ಗೇರಿಗೆ ಹಾಕಿ. ನ್ಯೂಟ್ರಲ್‌ನಲ್ಲಿ ಎಂದೂ ಇಳಿಸಬೇಡಿ.

ಗಾಳಿ ನಿಗದಿಗಿಂತ ಹೆಚ್ಚು ಸೋರುವುದು, ಯಾವುದೇ ಬ್ರೇಕ್ ಸ್ಟ್ರೋಕ್ ಮಿತಿ ದಾಟಿರುವುದು, ಫಿಫ್ತ್ ವೀಲ್ ದವಡೆ ಪೂರ್ತಿ ಮುಚ್ಚದಿರುವುದು, ಸಡಿಲ ನಟ್ ಅಥವಾ ಮುರಿದ ಸ್ಟಡ್, ತಂತಿ ಕಾಣುವ ಟೈರ್, ಮುಖ್ಯ ಪ್ಲೇಟು ಕಟ್ ಆಗಿರುವುದು, ಹಿಂದೆ ಬ್ರೇಕ್ ದೀಪ ಇಲ್ಲದಿರುವುದು: ಇವುಗಳಲ್ಲಿ ಒಂದು ಸಿಕ್ಕರೂ ಗಾಡಿ ಹೊರಡಬಾರದು, ಪಾರ್ಟಿ ಎಷ್ಟೇ ಅವಸರ ಮಾಡಲಿ. ಮಾಲೀಕರು ಈ ಪಟ್ಟಿಯನ್ನು ಬರೆದು ಕೊಟ್ಟು, ಗಾಡಿ ನಿಲ್ಲಿಸಿದ ಡ್ರೈವರ್ ಪರ ನಿಲ್ಲಬೇಕು. ಇಲ್ಲದಿದ್ದರೆ ಯಾರೂ ನಿಲ್ಲಿಸುವುದಿಲ್ಲ.

ಪ್ರತಿ ಟ್ರೇಲರ್‌ಗೂ ಒಂದು ಪುಸ್ತಕ ಇರಲಿ, ಹಾರ್ಸ್‌ನಲ್ಲಿ ಬೇಡ, ಟ್ರೇಲರ್‌ನ ಟೂಲ್ ಪೆಟ್ಟಿಗೆಯಲ್ಲೇ ಪ್ಲಾಸ್ಟಿಕ್ ಚೀಲದೊಳಗೆ. ದಿನಾಂಕ, ಆರು ಬ್ರೇಕ್‌ಗಳ ಸ್ಟ್ರೋಕ್, ತೆಳುವಾದ ಲೈನರ್ ಯಾವುದು, ಗಾಳಿ ಹಾಕಿದ ಟೈರ್ ಯಾವುದು, ಕಂಡ ದೋಷ, ರಿಪೇರಿ ಆಯಿತೇ ಇಲ್ಲವೇ, ಸಹಿ. ಬಿಚ್ಚಿಟ್ಟು ಹೋಗುವಾಗ ರಿಪೇರಿ ಬಾಕಿಯಿದ್ದರೆ ಕಿಂಗ್ ಪಿನ್ ಪಕ್ಕದ ತಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಮುಂದೆ ಕೊಂಡಿ ಹಾಕಲು ಬರುವವರು ನೋಡುವ ಜಾಗ ಅದು.